ಹೆಪ್ಪಾಯಿತು, ಚೆಲ್ಲಿದೆ

1987ರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಹಾಳುಮಾಡಿದ ಗಾಜಿನ ಸಾಮಾನುಗಳಲ್ಲಿ ಒಂದು ವಿಸ್ಕೋಮೀಟರ್ ಕೂಡ ಇತ್ತು. ಅದರ ನಳಿಗೆ ಬಹಳ ಸಣ್ಣದು. ದ್ರಾವಣ ಅದರೊಳಗೆ ಇಳಿಯಲು ಹಿಡಿಯುವ ಹೊತ್ತನ್ನು ಸ್ಟಾಪ್‌ವಾಚ್ ಒತ್ತಿ ಎಣಿಸಿ ಅಣುವಿನ ಉದ್ದವನ್ನು ಅಂದಾಜು ಮಾಡುತ್ತಿದ್ದೆವು. ಅವತ್ತು ಡಿಎಂಎಫ್ ಎಂಬ ದ್ರಾವಕ ಖಾಲಿಯಾಗಿತ್ತು. ಕಪಾಟಿನಲ್ಲಿದ್ದ ಬೆಂಜೈಲ್ ಆಲ್ಕೋಹಾಲಿನಲ್ಲೇ ನನ್ನ ಪಾಲಿಪೆಪ್ಟೈಡನ್ನು, ಅಂದರೆ ಅಮೈನೋ ಆಮ್ಲಗಳ ಸರಪಳಿಯನ್ನು, ಬಿಸಿಮಾಡಿ ಕರಗಿಸಿ, ಸುರಿದು, ಊಟಕ್ಕೆ ಹೋದೆ. ಬರುವಷ್ಟರಲ್ಲಿ ಗಟ್ಟಿ ಮೊಸರಿನ ಹಾಗೆ ಕೂತುಬಿಟ್ಟಿತ್ತು. ಗಾಜು ತೊಳೆಯುವವರು ನೋಡಿ, "ಏನ್ ಮೇಡಂ, ಇದ್ರಲ್ಲಿ ರಾಗಿ ಮಣ್ಣಿ ಕಾಸಿದ್ರಾ?" ಅಂದರು. ನನ್ನ ಗೈಡ್ ನಗಲಿಲ್ಲ. "ಚೆಲ್ಲಿ, ಮತ್ತೆ ಮಾಡಿ," ಅಂದರು.

ಮತ್ತೆ ಮಾಡುವುದು ಒಂದು ಮಧ್ಯಾಹ್ನದ ಕೆಲಸವಲ್ಲ. ಗ್ಲುಟಮಿಕ್ ಎಂಬ ಅಮೈನೋ ಆಮ್ಲಕ್ಕೆ ಬೆಂಜೈಲ್ ಗುಂಪು ತೊಡಿಸಬೇಕು. ಅದರ ಮೇಲೆ ಫಾಸ್ಜೀನ್ ಹಾಯಿಸಿ ಎನ್‌ಸಿಎ ಎಂಬ ಉಂಗುರದಂಥ ಅಣು ಪಡೆಯಬೇಕು. ಜರ್ಮನಿಯ ಹರ್ಮನ್ ಲಾಯ್ಕ್ಸ್ 1906ರಲ್ಲಿ ಬೆಳಕಿಗೆ ತಂದ ಅಣು ಇದು. ಫಾಸ್ಜೀನ್ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ. ನಮ್ಮ ರಕ್ಷಣೆಗೆ ಇದ್ದದ್ದು ಗೊರಗುಟ್ಟುವ ಒಂದು ಫ್ಯಾನು. ಎನ್‌ಸಿಎಗೆ ನೀರಿನ ಪಸೆ ತಾಗಿದರೆ ಕೆಲಸ ಕೆಟ್ಟಂತೆ, ಅದೂ ಬೆಂಗಳೂರಿನ ಜುಲೈ ತಿಂಗಳಲ್ಲಿ. ಎಲ್ಲ ಸರಿಹೋದರೆ ಒಂದಿಷ್ಟು ಅಮೈನ್ ಹಾಕಿದೊಡನೆ ಉಂಗುರ ಬಿಚ್ಚಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೆದ್ದು, ಸರಪಳಿ ಬೆಳೆಯುತ್ತಿತ್ತು. ಒಂದರ ಉದ್ದ ಇನ್ನೊಂದಕ್ಕಿಲ್ಲ. ಅದನ್ನು ನಾವು ದೋಷವೆಂದು ಎಣಿಸುತ್ತಲೇ ಇರಲಿಲ್ಲ.

ಈ ಸರಪಳಿ ನೂಲಿನ ಹಾಗೆ ಜೋತುಬೀಳುವುದಿಲ್ಲ. ರಸಾಯನವಿಜ್ಞಾನಿ ಪಾಲಿಂಗ್ 1951ರಲ್ಲಿ ತೋರಿಸಿದ ಆಲ್ಫಾ ಹೆಲಿಕ್ಸ್ ಆಗಿ ಸುತ್ತಿಕೊಂಡು, ಸೆಟೆದು, ಕಡ್ಡಿಯಾಗುತ್ತದೆ. ಒಂದು ಸುತ್ತಿಗೆ 3.6 ಅಮೈನೋ ಆಮ್ಲ, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಮ್. ಇಂಗ್ಲೆಂಡಿನಲ್ಲಿ ಕೋರ್ಟಾಲ್ಡ್ಸ್ ಎಂಬ ಬಟ್ಟೆ ಕಂಪನಿಯ ಪ್ರಯೋಗಾಲಯದವರು 1950ರ ದಶಕದಲ್ಲಿ ಇದೇ ಪದಾರ್ಥದ ಬೆನ್ನು ಹತ್ತಿದ್ದರು. ಅಲ್ಲಿನ ಕಾನ್ಮಾರ್ ರಾಬಿನ್ಸನ್ ಅದರ ದಟ್ಟ ದ್ರಾವಣದಲ್ಲಿ ಕಡ್ಡಿಗಳು ಸಾಲಾಗಿ ನಿಂತು ದ್ರವ ಹರಳಾಗುವುದನ್ನು ಕಂಡರು. ಕಡ್ಡಿಗಳು ಹತ್ತಿರ ಬಂದರೆ ತಮ್ಮಷ್ಟಕ್ಕೆ ಏನನ್ನೋ ಕಟ್ಟುತ್ತವೆ ಎಂಬ ಸುಳಿವು ಆಗಲೇ ಇತ್ತು.

ನಮ್ಮ ಊರಿನಲ್ಲಿ ಆಗ ಹರಳಿನ ಹುಚ್ಚು. ಜಿ.ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ವಿಭಾಗದಲ್ಲಿ ಪಿ. ಬಲರಾಂ ಅವರ ತಂಡ ಏಬ್ ಎಂಬ ಅಪರೂಪದ ಅಮೈನೋ ಆಮ್ಲ ಸೇರಿಸಿ ಚಿಕ್ಕ ಪೆಪ್ಟೈಡುಗಳನ್ನೂ ಹೆಲಿಕ್ಸ್ ಆಗಿಸುತ್ತಿತ್ತು. ಅವುಗಳ ಹರಳುಗಳನ್ನು ವಾಷಿಂಗ್ಟನ್ನಿನಲ್ಲಿ ಇಸಬೆಲಾ ಕಾರ್ಲ್ ಎಕ್ಸ್‌-ರೇಗೆ ಒಡ್ಡಿ ಪರಮಾಣು ಪರಮಾಣುವಿನ ಜಾಗ ಹೇಳುತ್ತಿದ್ದರು. ಹರಳು ಬಂದರೆ ಪ್ರಬಂಧ. ಹೆಪ್ಪುಗಟ್ಟಿದರೆ ಕ್ರೋಮಿಕ್ ಆಮ್ಲದಲ್ಲಿ ಗಾಜು ನೆನೆಹಾಕುವ ಕೆಲಸ. ತೊಯಾಮಾ ಮತ್ತು ಮಿಲ್ಲರ್ 1981ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಇಂಥ ಕಡ್ಡಿ ಪಾಲಿಪೆಪ್ಟೈಡ್ ಹೆಪ್ಪಿನ, ಅಂದರೆ ಜೆಲ್‌ನ ಒಳಗೆ ಎಳೆಗಳ ಬಲೆ ಇದೆಯೆಂದು ಬರೆದಿದ್ದರು. ಆ ಸಂಚಿಕೆ ನಮ್ಮ ಗ್ರಂಥಾಲಯದಲ್ಲಿತ್ತು. ನಾನು ಓದಿರಲಿಲ್ಲ.

ಕಥೆ ತಿರುಗಿದ್ದು ಅಮೆರಿಕದ ಟಿಮತಿ ಡೆಮಿಂಗ್ ಕೈಯಲ್ಲಿ. ನಿಕಲ್ ಸಂಯುಕ್ತ ಬಳಸಿ ಎನ್‌ಸಿಎಯಿಂದ ಬೇಕಾದಷ್ಟೇ ಉದ್ದದ ಸರಪಳಿ ಬೆಳೆಸುವುದನ್ನು ಅವರು 1997ರಲ್ಲಿ ತೋರಿಸಿದರು. ಉದ್ದ ಹತೋಟಿಗೆ ಬಂದ ಮೇಲೆ ಎರಡು ಬಗೆಯ ತುಂಡುಗಳನ್ನು ಬೆಸೆಯಬಹುದಾಯಿತು: ನೀರನ್ನು ಇಷ್ಟಪಡುವ ಉದ್ದ ಲೈಸಿನ್, ನೀರಿಗೆ ಆಗದ ಗಿಡ್ಡ ಲ್ಯೂಸಿನ್. ಲ್ಯೂಸಿನ್ ತುಂಡು ಹೆಲಿಕ್ಸ್ ಕಡ್ಡಿ. ಕಡ್ಡಿಗಳು ಸೌದೆ ಹೊರೆಯಂತೆ ಪಕ್ಕಕ್ಕೆ ಪಕ್ಕ ಒತ್ತಿಕೊಳ್ಳುತ್ತವೆ. ವಿದ್ಯುದಾವೇಶವಿರುವ ಲೈಸಿನ್‌ಗಳು ಒಂದನ್ನೊಂದು ದೂಡುವುದರಿಂದ ಹೊರೆ ಮುದ್ದೆಯಾಗದೆ ಎಳೆಯಾಗುತ್ತದೆ. ಎಳೆಗಳ ಸಿಕ್ಕಿನಲ್ಲಿ ನೀರು ಸೆರೆ. 2002ರಲ್ಲಿ ಪ್ರಕಟವಾದ ಆ ಜೆಲ್‌ಗೆ ನೂರು ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಪದಾರ್ಥ ಸಾಕಾಗಿತ್ತು. ಕಲಕಿದರೆ ನೀರಾಗಿ, ಬಿಟ್ಟರೆ ಬೇಗನೆ ಮತ್ತೆ ಕೂರುತ್ತಿತ್ತು. ನನಗೆ ಅದಕ್ಕಿಂತ ಮೆಚ್ಚಿಗೆಯಾದದ್ದು ಅವರು ಮಾಡಿದ ತಾಳೆ: ಲ್ಯೂಸಿನ್‌ನ ಎಡಗೈ, ಬಲಗೈ ರೂಪಗಳನ್ನು ಬೆರೆಸಿ ಹೆಲಿಕ್ಸ್ ಕೆಡಿಸಿದರು, ಜೆಲ್ ಬರಲಿಲ್ಲ. ಅಂಟುವುದಕ್ಕೆ ನೀರಿನ ದ್ವೇಷವೊಂದೇ ಸಾಲದು, ಕಡ್ಡಿಯ ಆಕಾರವೂ ಬೇಕು.

ಇಂಗ್ಲೆಂಡಿನಲ್ಲಿ ಡೆಕ್ ವುಲ್ಫ್‌ಸನ್ ತಂಡ ಬೇರೆ ದಾರಿ ಹಿಡಿಯಿತು. 28 ಅಮೈನೋ ಆಮ್ಲಗಳ ಎರಡು ಪೆಪ್ಟೈಡುಗಳು ಜಡೆಯಂತೆ ಹೆಣೆದುಕೊಳ್ಳುವಾಗ ಒಂದರ ತುದಿ ಸ್ವಲ್ಪ ಚಾಚಿರುವಂತೆ ಮಾಡಿ, ಅದಕ್ಕೆ ಮುಂದಿನದು ಕಚ್ಚಿಕೊಂಡು ಎಳೆ ಉದ್ದವಾಗುವಂತೆ 2000ದಲ್ಲಿ ಮಾಡಿದರು. 2009ರ ಹೊತ್ತಿಗೆ ಅದರಿಂದಲೂ ಜೆಲ್ ಬಂತು. ಒಂದು ಬಗೆ ಕಾಸಿದರೆ ಕರಗುತ್ತಿತ್ತು, ಇನ್ನೊಂದು ಕಾಸಿದರೆ ಗಟ್ಟಿಯಾಗುತ್ತಿತ್ತು.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಯೋಗಾಲಯಕ್ಕೆ ಹೋಗಿದ್ದೆ. ಅವಳ ಹುಡುಗರಿಗೆ ಫಾಸ್ಜೀನ್ ವಾಸನೆಯೇ ಗೊತ್ತಿಲ್ಲ, ಒಳ್ಳೆಯದೇ ಆಯಿತು. ಬೇಕಾದ ಪೆಪ್ಟೈಡ್ ಕಂಪ್ಯೂಟರಿನಲ್ಲಿ ಬರೆದು ಕಳಿಸಿದರೆ ಬಿಳಿ ಪುಡಿಯಾಗಿ ಕೊರಿಯರ್‌ನಲ್ಲಿ ಬರುತ್ತದೆ. ನೀರು ಹಾಕಿ, ಶೀಶೆಯನ್ನು ತಲೆಕೆಳಗು ಮಾಡಿ, ಬೀಳದಿದ್ದರೆ ಫೋನಿನಲ್ಲಿ ಫೋಟೋ. ಪ್ರಬಂಧದ ಮೊದಲ ಚಿತ್ರವೇ ಅದು. ಈಗ ಅತಿಯಾಗಿರುವುದು ಭರವಸೆ. ಪ್ರತಿ ಪ್ರಬಂಧದ ಕೊನೆಗೂ ಗಾಯ, ಔಷಧ, ಹೊಸ ಅಂಗಾಂಶ ಬಂದೇ ಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ನಿಜವಾಗಿ ಬಳಕೆಗೆ ಬಂದಿರುವ ಪೆಪ್ಟೈಡ್ ಜೆಲ್ ಹೆಲಿಕ್ಸ್‌ನದಲ್ಲ, ಬೀಟಾ ಹಾಳೆ ಎಂಬ ಬೇರೊಂದು ಆಕಾರದ ಜೋಡಣೆಯದು.

ನನ್ನ ಹಳೆಯ ನೋಟ್‌ಬುಕ್ಕನ್ನು ಅವಳಿಗೆ ತೋರಿಸಿದೆ. ಆ ದಿನದ ಪುಟದಲ್ಲಿ ಇದ್ದದ್ದು ಎರಡು ಪದ: 'ಹೆಪ್ಪಾಯಿತು. ಚೆಲ್ಲಿದೆ.' ಎಷ್ಟು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಅವಳು ಕೇಳಿದಳು. ಬರೆದಿರಲಿಲ್ಲ.