ಹೊತ್ತು ಮುಳುಗಿದ ಮೇಲೆ ಏಳುವ ಗುಳ್ಳೆಗಳು

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ನಾವು ಮೂವರು ಸೇರಿ ಒಂದು ರೂಮು ಮಾಡಿಕೊಂಡಿದ್ದೇವೆ. ಈಚೆಗೆ ನಮ್ಮಲ್ಲೊಬ್ಬನ ಚಿಕ್ಕಪ್ಪ ಊರಿಂದ ಫೋನ್ ಮಾಡಿದರು. ಪಕ್ಕದ ಹೊಲದವರು ರಾತ್ರಿ ಎಂಟು ಗಂಟೆಗೆ ಟಾರ್ಚು ಹಿಡಿದು, ಮೊಬೈಲ್ ಆ್ಯಪ್ ಹಾಕಿಕೊಂಡು ಬದುವಿನ ಸುತ್ತ ನಡೆದಿದ್ದಾರೆ. ಮಾರನೆಯ ಬೆಳಗ್ಗೆ ಬಂದು, ‘ನಮ್ಮದು ಒಂದು ಗುಂಟೆ ನಿಮ್ಮ ಕಡೆ ಸೇರಿದೆ’ ಅಂದಿದ್ದಾರೆ.

‘ಸ್ಯಾಟಲೈಟೇ ಹೇಳ್ತು ಅಂತಾರಲ್ರಪ್ಪಾ, ಅದೂ ಸುಳ್ಳಾಡ್ತದಾ?’ ಎಂದು ಕೇಳಿದರು ಚಿಕ್ಕಪ್ಪ.

ಸ್ಯಾಟಲೈಟ್ ಸುಳ್ಳಾಡುವುದಿಲ್ಲ. ಆದರೆ ಅದು ಕಳಿಸುವ ಸಿಗ್ನಲ್ ಸುಮಾರು 20,000 ಕಿ.ಮೀ. ಮೇಲಿಂದ ಬರಬೇಕು, ದಾರಿ ನೆಟ್ಟಗಿಲ್ಲ. ನಮ್ಮ ತಲೆಯ ಮೇಲೆ ನೂರಾರು ಕಿ.ಮೀ. ಎತ್ತರದಲ್ಲಿ, ಬಿಸಿಲು ಅಣುಗಳನ್ನು ಒಡೆದು ವಿದ್ಯುತ್ ಕಣಗಳನ್ನು ಮಾಡುತ್ತದೆ. ಅದೇ ಪ್ಲಾಸ್ಮಾ, ಆ ಪದರದ ಹೆಸರು ಅಯಾನುಗೋಳ. ಹಿಂದೆ ಸಿಲೋನ್ ರೇಡಿಯೋದ ಹಾಡನ್ನು ನಮ್ಮ ಅಜ್ಜಂದಿರ ಮನೆಗೆ ತಂದದ್ದೂ ಇದೇ ಪದರ, ಕನ್ನಡಿಯ ಹಾಗೆ ಅಲೆಗಳನ್ನು ಕೆಳಕ್ಕೆ ತಿರುಗಿಸಿ.

ಹೊತ್ತು ಮುಳುಗಿದಾಗ ಪದರದ ಕೆಳಭಾಗ ಬೇಗ ಕರಗುತ್ತದೆ, ಮೇಲಿನದು ದಟ್ಟವಾಗಿ ಉಳಿಯುತ್ತದೆ. ಲೋಟದಲ್ಲಿ ಎಣ್ಣೆ ಹಾಕಿ ಮೇಲಿಂದ ನೀರು ಸುರಿದು ನೋಡಿ. ಭಾರದ ನೀರು ಕೆಳಗಿಳಿಯುತ್ತದೆ, ಹಗುರದ ಎಣ್ಣೆ ಗುಳ್ಳೆಯಾಗಿ ಮೇಲೇಳುತ್ತದೆ. ಆಕಾಶದಲ್ಲೂ ಹೆಚ್ಚುಕಮ್ಮಿ ಹಾಗೇ. ಕಣ ಕಡಿಮೆಯಿರುವ ಗುಳ್ಳೆಗಳು ಕೆಲವೊಮ್ಮೆ ಸಾವಿರ ಕಿ.ಮೀ. ಎತ್ತರ ದಾಟುತ್ತವೆ. ಅವುಗಳ ಒಳಗೆ ಎಲ್ಲ ಕಲಕಿಹೋಗಿರುತ್ತದೆ. ಇದರ ಸುಳಿವು ಮೊದಲು ಸಿಕ್ಕಿದ್ದು ಪೆರು ದೇಶದ ಹುವಾಂಕಾಯೊದಲ್ಲಿ. ರೇಡಿಯೋ ಅಲೆ ಮೇಲಕ್ಕೆ ಕಳಿಸಿದರೆ ರಾತ್ರಿ ಪ್ರತಿಧ್ವನಿ ಚೆದುರಿ ಬರುತ್ತಿದೆ ಎಂದು ಬುಕರ್ ಮತ್ತು ವೆಲ್ಸ್ 1938ರಲ್ಲಿ ಬರೆದರು.

ಪೆರುವಿಗೂ ನಮಗೂ ಏನು ನಂಟು? ಭೂಮಿಯ ಕಾಂತಕ್ಕೂ ಒಂದು ಸಮಭಾಜಕ ರೇಖೆ ಇದೆ. ಅದು ಪೆರುವಿನ ಮೇಲೂ ಹೋಗುತ್ತದೆ, ನಮ್ಮ ದೇಶದ ದಕ್ಷಿಣ ತುದಿಯ ಮೇಲೂ ಹೋಗುತ್ತದೆ. 1963ರಲ್ಲಿ ತಿರುವನಂತಪುರದ ಹತ್ತಿರ ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದು ಇದೇ ಕಾರಣಕ್ಕೆ. ಮೈಸೂರು ಅಲ್ಲಿಂದ ಸುಮಾರು 400 ಕಿ.ಮೀ. ಉತ್ತರಕ್ಕಿದೆ, ಅಷ್ಟೆ. ಗುಳ್ಳೆಗಳು ಕಾಂತರೇಖೆ ಹಿಡಿದು ಉತ್ತರ ದಕ್ಷಿಣಕ್ಕೆ ಉದ್ದಕ್ಕೆ ಚಾಚುವುದರಿಂದ ನಮ್ಮ ಆಕಾಶಕ್ಕೂ ಬರುತ್ತವೆ. ನಮ್ಮಲ್ಲಿ ಅವುಗಳ ಕಾಟ ಹೆಚ್ಚು ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದೂ ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ. ಕತ್ತಲಾದ ಒಂದು ಗಂಟೆಯಿಂದ ಮಧ್ಯರಾತ್ರಿಯವರೆಗೆ.

ಈಗ ಚಿಕ್ಕಪ್ಪನ ಬದುವಿಗೆ ಬರೋಣ. ಅಯಾನುಗೋಳ ಸಿಗ್ನಲನ್ನು ತಡಮಾಡಿದರೆ ಇಡೀ ಹೊಲವೇ ಮ್ಯಾಪಿನಲ್ಲಿ ಒಂದು ಕಡೆಗೆ ಸರಿಯುತ್ತದೆ. ವಿಸ್ತೀರ್ಣ ಅಷ್ಟೇನೂ ಬದಲಾಗದು. ಗುಳ್ಳೆ ಬಂದರೆ ಹಾಗಲ್ಲ. ನಕ್ಷತ್ರ ಮಿನುಗಿದಂತೆ ಸಿಗ್ನಲ್ ಮಿನುಗುತ್ತದೆ, ನಡೆಯುತ್ತಿರುವಾಗಲೇ ಒಂದೆರಡು ಸ್ಯಾಟಲೈಟ್ ಕೈತಪ್ಪಬಹುದು, ಒಂದು ಮೂಲೆ ಮಾತ್ರ ಜರುಗುತ್ತದೆ. 50 ಮೀಟರ್ ಉದ್ದದ ಬದು 2 ಮೀಟರ್ ಜರುಗಿದರೆ ಸರಿಸುಮಾರು ಒಂದು ಗುಂಟೆ! ಗುಳ್ಳೆ ಇಲ್ಲದ ರಾತ್ರಿಯೂ ಮರ, ಗೋಡೆ, ಅಗ್ಗದ ಫೋನು ಇಷ್ಟು ಎಡವಟ್ಟು ಮಾಡಬಲ್ಲವು. ಫೋನಿನ ಅಳತೆ ಹಿಡಿದು ಜಗಳಕ್ಕಿಳಿಯುವುದು ಬೇಡ, ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ ಎಂದೆವು. ಚಿಕ್ಕಪ್ಪ ಹಾಕಿದ್ದಾರೆ. ಪಕ್ಕದವರು ಇನ್ನೂ ಮಾತಾಡಿಸುತ್ತಿಲ್ಲ.

ಹೊಲಕ್ಕೆ ಇಷ್ಟಾದರೆ ಇಳಿಯುತ್ತಿರುವ ವಿಮಾನದ ಕಥೆ? ಅದಕ್ಕೆ ನಮ್ಮ ದೇಶ ಗಗನ್ ಎಂಬ ವ್ಯವಸ್ಥೆ ಮಾಡಿದೆ, ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ದೇಶದ ಬೇರೆ ಬೇರೆ ಕಡೆ, ಜಾಗ ಕರಾರುವಾಕ್ಕಾಗಿ ಗೊತ್ತಿರುವ ನಿಲ್ದಾಣಗಳು ಜಿಪಿಎಸ್ ಎಷ್ಟು ತಪ್ಪುತ್ತಿದೆ ಎಂದು ನೋಡುತ್ತವೆ. ಕೇಂದ್ರ ಲೆಕ್ಕ ಹಾಕಿ ತಿದ್ದುಪಡಿಯನ್ನು ಸ್ಯಾಟಲೈಟ್ ಮೂಲಕ ಕಳಿಸುತ್ತದೆ. ನಂಬಬಾರದ ಹೊತ್ತಿನಲ್ಲಿ ನಂಬಬೇಡಿ ಎಂದೂ ಹೇಳುತ್ತದೆ. ನಮಗೆ ಹಿಡಿಸಿದ್ದು ಈ ಎರಡನೆಯ ಕೆಲಸ. ಅಳತೆಯ ಆ್ಯಪ್‌ಗಳಿಗೂ ಇದೊಂದು ಬರಬೇಕಿತ್ತು. ಅಮೆರಿಕದ ಆಕಾಶಕ್ಕೆ ಮಾಡಿದ ಲೆಕ್ಕ ನಮ್ಮ ಕಲಕಿದ ಆಕಾಶಕ್ಕೆ ಹಾಗೇ ಒಗ್ಗದೆ, ಇಲ್ಲಿನವರೇ ವರ್ಷಗಟ್ಟಲೆ ಅಳೆದು ಬೇರೆ ಲೆಕ್ಕ ಕಟ್ಟಬೇಕಾಯಿತು. ವಿಮಾನ ಇಳಿಸುವ ಹಂತಕ್ಕೆ ಗಗನ್‌ಗೆ ಮಾನ್ಯತೆ ಸಿಕ್ಕಿದ್ದು 2015ರಲ್ಲಿ.