ಹೋಲಿಕೆ ಯಾವುದರೊಡನೆ?

ಕಳೆದ ಬೇಸಗೆಯಲ್ಲಿ ನನ್ನ ತಮ್ಮನ ಮಗ ಒಂದು ಕಿರುಹೊತ್ತಗೆಯನ್ನು ಹಿಡಿದು ಬಂದ. ಜಯನಗರದಲ್ಲಿರುವ ತಮ್ಮ ಹಳೆಯ ಮನೆಯನ್ನು ಕೆಡವಿ ಅವರು ಹೊಸತನ್ನು ಕಟ್ಟಿಸಲಿದ್ದರು. ಇಮ್ಮಡಿ ಗೋಡೆ, ಎರಡು ಪದರದ ಗಾಜಿನ ಕಿಟಕಿ, ನಡುವೆ ಗಾಜು ಹೊದಿಸಿದ ತೊಟ್ಟಿ. ಇದರಿಂದ ಶೇಕಡಾ 70ರಷ್ಟು ವಿದ್ಯುತ್ತು ಉಳಿಯುವುದೆಂದು ಅದರಲ್ಲಿ ಅಚ್ಚಾಗಿತ್ತು. ಇವಕ್ಕೆ ತಗಲುವ ಹೆಚ್ಚುವರಿ ವೆಚ್ಚ 18 ಲಕ್ಷ ರೂಪಾಯಿ. ಅದು ನನ್ನ ತಮ್ಮನ ನಿವೃತ್ತಿಯ ಹಣ. “ದೊಡ್ಡಪ್ಪ, ಮನೆಗೊಂದು ಹಳಗನ್ನಡದ ಹೆಸರು ಸೂಚಿಸಿ” ಎಂಬುದಷ್ಟೇ ಅವನ ಕೋರಿಕೆ.

ಶಾಸನಗಳನ್ನು ಓದಿದ ಅಭ್ಯಾಸ ಸುಮ್ಮನಿರಗೊಡಲಿಲ್ಲ. ನಂದಾದೀವಿಗೆಗೆ ದತ್ತಿ ಬಿಟ್ಟವರು ಎಣ್ಣೆಯ ಅಳತೆಯನ್ನೂ ಅದು ಎಲ್ಲಿಂದ ಬರಬೇಕೆಂಬುದನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಈ ಹೊತ್ತಗೆಯಲ್ಲಾದರೋ ಪ್ರಮಾಣವಿದೆ, ಆಧಾರವಿಲ್ಲ. ತಮ್ಮನ ಮನೆಯ ತಿಂಗಳ ಬಳಕೆ ಸುಮಾರು 250 ಯೂನಿಟ್. ಅದರಲ್ಲಿ ಅರ್ಧ ಉಳಿಯಿತೆಂದೂ ಯೂನಿಟ್ಟಿಗೆ 10 ರೂಪಾಯಿಯೆಂದೂ ಧಾರಾಳವಾಗಿ ಹಿಡಿದರೂ ವರ್ಷದ ಉಳಿತಾಯ 15,000 ರೂಪಾಯಿ. ಹಾಕಿದ ಹಣ ಮರಳಲು 120 ವರ್ಷ ಬೇಕು. ಕೆಡವಲು ಹೊರಟಿರುವ ಮನೆಗೆ ಇನ್ನೂ ಐವತ್ತು ತುಂಬಿಲ್ಲ.

ತೊಟ್ಟಿಮನೆ ನಮ್ಮ ಹಿರಿಯರ ವಿವೇಕವೆಂಬುದು ನಿಜ. ಆದರೆ ಆ ವಿವೇಕವಿದ್ದುದು ತೆರೆದ ಬಾನಿನಲ್ಲಿ. ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಗಾಜು ಮುಚ್ಚಿದೊಡನೆ ಅದೇ ತೊಟ್ಟಿ ಬಿಸಿಲನ್ನು ಒಳಗೆ ಬಿಟ್ಟುಕೊಂಡು ಕಾವನ್ನು ಸೆರೆಹಿಡಿಯುತ್ತದೆ. ಆ ಕಾವನ್ನು ಹೊರದೂಡಲು ಫ್ಯಾನು ಬೇಕೆಂದು ಹೊತ್ತಗೆಯೇ ಹೇಳುತ್ತಿತ್ತು. ರೂಪ ಉಳಿಯಿತು, ಅರ್ಥ ಹೋಯಿತು.

ಹೊಸತೆಲ್ಲವೂ ಪೊಳ್ಳೆಂದು ನನ್ನ ವಾದವಲ್ಲ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲುಭಾಗದಲ್ಲಿ ಅದು ಸಿದ್ಧವಾಗುತ್ತದೆಂದು ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಅವರು 2003ರ ಪ್ರಬಂಧದಲ್ಲಿ ಲೆಕ್ಕ ಸಹಿತ ತೋರಿಸಿದ್ದಾರೆ. ಕಟ್ಟಡವನ್ನು ಕಟ್ಟುವುದಕ್ಕೇ ಶಕ್ತಿ ವ್ಯಯವಾಗುತ್ತದೆಂಬ ಅರಿವು ಅಲ್ಲಿದೆ. ಹಾಗೆ ನೋಡಿದರೆ ನಿಂತಿರುವ ಮನೆಯನ್ನು ಕೆಡವುವುದೇ ಮೊದಲ ನಷ್ಟ.

ಹೆಸರಿಗೆ ಬದಲಾಗಿ ಹುಡುಗನ ಕೈಗೆ ಒಂದು ಪ್ರಶ್ನೆಯನ್ನಿತ್ತೆ: ಶೇಕಡಾ 70 ಉಳಿತಾಯ, ಯಾವುದರೊಡನೆ ಹೋಲಿಸಿ? ವಾರದ ಬಳಿಕ ಉತ್ತರ ಬಂತು: ಎಲ್ಲ ಕೋಣೆಗಳಿಗೂ ಎ.ಸಿ. ಅಳವಡಿಸಿದ ಮನೆಯೊಡನೆ. ತಮ್ಮನ ಮನೆಯಲ್ಲಿ ಎ.ಸಿ. ಒಂದೂ ಇಲ್ಲ. ಎಂದೂ ಮಾಡದ ವೆಚ್ಚವನ್ನು ಉಳಿಸಿಕೊಡಲು ಅವರು 18 ಲಕ್ಷ ಕೇಳಿದ್ದರು.

ಮನೆ ಸದ್ಯಕ್ಕೆ ಉಳಿದಿದೆ. ತಾರಸಿಗೆ ಸುಣ್ಣ ಬಳಿಸಿದ್ದಾರೆ, ನೀರು ಕಾಯಿಸಲು ಸೋಲಾರ್ ಹಾಕಿಸಿದ್ದಾರೆ. ಹೆಸರನ್ನು ನಾನು ಸೂಚಿಸಬೇಕಾಗಲಿಲ್ಲ. ನಮ್ಮ ತಂದೆಯವರು ಇಟ್ಟ ಹೆಸರು ಗೇಟಿನ ಕಲ್ಲಿನ ಮೇಲೆ ಇನ್ನೂ ಓದುವಂತಿದೆ.