ಆಕ್ರನ್‌ನಿಂದ ರಘುವಿಗೆ

ಆಕ್ರನ್, ಒಹಾಯೋ
ರಾತ್ರಿ ಮೂರು ಗಂಟೆ

ಪ್ರೀತಿಯ ರಘು,

ಮನೆಯವರೆಲ್ಲ ಮಲಗಿದ್ದಾರೆ, ನನ್ನ ಕಣ್ಣಿಗೆ ಮಾತ್ರ ಇನ್ನೂ ಬೆಂಗಳೂರಿನ ಮಧ್ಯಾಹ್ನ. ಊಟ ತಿಂಡಿಗೆ ತೊಂದರೆಯಿಲ್ಲ, ಸಾರಿನ ಪುಡಿ ಇನ್ನೂ ಇದೆ ಅಂತ ಅಮ್ಮನಿಗೆ ಹೇಳು. ಆಕ್ರನ್ ಒಂದು ಕಾಲದಲ್ಲಿ ಟೈರಿನ ಕಾರ್ಖಾನೆಗಳಿಗೆ ಹೆಸರಾದ ಊರು. ನೋಡಬೇಕಾದದ್ದು ಸ್ಟ್ಯಾನ್ ಹಿವೆಟ್ ಅನ್ನುವ ದೊಡ್ಡ ಬಂಗಲೆ, ಅದರ ಫೋಟೋ ನಿನ್ನ ಮೊಬೈಲಿನಲ್ಲೇ ಸಿಗುತ್ತೆ. ನಾನು ಬರೆಯಹೊರಟದ್ದು ಆ ಬಂಗಲೆಯ ಗೇಟಿನ ಪಕ್ಕದ ಚಿಕ್ಕ ಮನೆಯ ವಿಷಯ. ಜೊತೆಗೆ, ಕುಡಿತ ಬಿಡುವವರ ಗುಂಪಿಗೆ ಹೋಗಿಬಂದು ‘ಆ ಮೀಟಿಂಗ್ ನನಗೆ ಹೊಂದಲ್ಲ ಅಕ್ಕ’ ಅಂತ ನೀನು ಕಳಿಸಿದ ಮೆಸೇಜಿನ ವಿಷಯ.

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಅನ್ನುವವನು ನ್ಯೂಯಾರ್ಕಿನಿಂದ ಇಲ್ಲಿಗೆ ವ್ಯವಹಾರಕ್ಕೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೆಟ್ಟಿತ್ತು. ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು ಮತ್ತು ಊರಿನ ಚರ್ಚುಗಳ ಪಟ್ಟಿ. ಅವನು ಫೋನಿನ ಕಡೆ ಹೋದ. ಮಾತಾಡಲು ತನ್ನ ಹಾಗೇ ಕುಡಿಯುವವನೊಬ್ಬ ಬೇಕು ಅಂತ ಕೇಳಿದ. ಹೆನ್ರಿಯೆಟ್ಟಾ ಸೈಬರ್ಲಿಂಗ್ ಅನ್ನುವ ಹೆಂಗಸು ಮರುದಿನ ಆ ಗೇಟಿನ ಮನೆಯಲ್ಲಿ ಡಾಕ್ಟರ್ ಬಾಬ್ ಸ್ಮಿತ್‌ನನ್ನು ಭೇಟಿ ಮಾಡಿಸಿದಳು. ಹದಿನೈದೇ ನಿಮಿಷ ಅಂತ ಬಂದ ಡಾಕ್ಟರು ರಾತ್ರಿ ಹನ್ನೊಂದು ದಾಟುವ ತನಕ ಕೂತ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆ ಹೊಡೆಸಿ ಮುಗಿಸಿಬಿಡುತ್ತಾರೆ. ನೀನು ಗಮನಿಸಬೇಕಾದದ್ದು ಅದರ ಹಿಂದಿನದು, ಮುಂದಿನದು. ಡಾಕ್ಟರು ಅದಕ್ಕೆ ಮೊದಲು ಎರಡು ವರ್ಷಕ್ಕೂ ಹೆಚ್ಚು ಕಾಲ ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದ. ಒಳ್ಳೆಯ ಜನ, ಒಳ್ಳೆಯ ಮಾತು. ಕುಡಿತ ಮಾತ್ರ ನಿಂತಿರಲಿಲ್ಲ. ಬಿಲ್ಲನ ಭೇಟಿಯಾದ ಮೇಲೂ ಅಟ್ಲಾಂಟಿಕ್ ಸಿಟಿಗೆ ವೈದ್ಯರ ಸಮ್ಮೇಳನಕ್ಕೆ ಹೋದವನು ಮತ್ತೆ ಕುಡಿದೇ ಬಂದ. ಕೊನೆಯ ಗ್ಲಾಸು ಜೂನ್ 10ರಂದು. ಈ ಇಬ್ಬರಿಂದ ಶುರುವಾದ, ನೀನು ಹೋಗಿಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬ ಅಂತ ಎಣಿಸುವುದು ಆ ದಿನವನ್ನೇ, ಮೊದಲ ಭೇಟಿಯ ದಿನವನ್ನಲ್ಲ.

ಅಂದರೆ ಹೊಂದದ ಗುಂಪು ಅನ್ನುವುದು ನಿಜಕ್ಕೂ ಇದೆ, ಆ ಮಾತಿನಲ್ಲಿ ನೀನು ಸರಿ. ಆದರೆ ಒಂದು ಸಂಜೆ ಕೂತು ಅದನ್ನು ತೀರ್ಮಾನಿಸಲು ಆಗುವುದಿಲ್ಲ. ಹೊಂದುವುದು ಅಂದರೆ ಏನು ಅಂತಲೂ ಯೋಚಿಸು. ಬಿಲ್, ಬಾಬ್ ಇಬ್ಬರೂ ಕುಡುಕರು, ಇಬ್ಬರೂ ಹುಟ್ಟಿದ್ದು ವರ್ಮಾಂಟ್ ರಾಜ್ಯದಲ್ಲಿ. ಒಬ್ಬ ಆಡುವ ಸುಳ್ಳನ್ನು ಅದು ಬಾಯಿಗೆ ಬರುವ ಮೊದಲೇ ಎದುರಿನವನು ಗುರುತಿಸುತ್ತಿದ್ದ. ನೀನು ಹೋದದ್ದು ಇಂಗ್ಲಿಷ್ ಗುಂಪಿಗೆ. ಇಂಗ್ಲಿಷಿನಲ್ಲಿ ನೀನು ಆಫೀಸಿನ ರಿಪೋರ್ಟ್ ಕೊಟ್ಟ ಹಾಗೆ ಮಾತಾಡುತ್ತೀಯ, ಯಾರೂ ಅಡ್ಡ ಕೇಳಲ್ಲ. ಕನ್ನಡದಲ್ಲಾದರೆ ಸಿಕ್ಕಿಬೀಳುತ್ತೀಯ. ಬೆಂಗಳೂರಿನಲ್ಲಿ ಕನ್ನಡದ್ದೂ ಇವೆ, ತಮಿಳಿನದ್ದೂ ಇವೆ. ಹೆಸರು ಒಂದೇ ಆದರೂ ಪ್ರತಿ ಗುಂಪು ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತೆ, ಹಾಗಾಗಿ ಒಂದರ ಹವೆ ಇನ್ನೊಂದಕ್ಕಿಲ್ಲ. ಬಸ್ಸು ಇಳಿದು ನಡೆಯುವಷ್ಟು ಹತ್ತಿರವಾ, ಆಫೀಸು ಬಿಟ್ಟ ಮೇಲೆ ಬಾರಿನ ಹೊತ್ತಿಗೇ ಶುರುವಾಗುತ್ತಾ ಅನ್ನುವುದನ್ನೂ ನೋಡು. ಕ್ಲೋಸ್ಡ್ ಮೀಟಿಂಗಾದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಓಪನ್ ಆದರೆ ಮನೆಯವರೂ ಜೊತೆಗೆ ಬಂದು ಕೂರಬಹುದು. ಶುಲ್ಕ ಯಾವುದಕ್ಕೂ ಇಲ್ಲ.

ನಿನ್ನ ಇನ್ನೊಂದು ಆಕ್ಷೇಪ ದೇವರದ್ದು. ಆಲ್ಕೊಹಾಲಿಕ್ಸ್ ಅನಾನಿಮಸ್ಸಿನ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಹೆಸರು ಮತ್ತೆ ಮತ್ತೆ ಬರುತ್ತೆ, ನಿಜ. ‘ನಾವು ಅರ್ಥ ಮಾಡಿಕೊಂಡ ಹಾಗಿನ ದೇವರು’ ಅಂತ ಅವರೇ ಸಡಿಲ ಬಿಟ್ಟಿದ್ದರೂ ನಿನಗೆ ಇರುಸುಮುರುಸಾದರೆ ಅದು ತಪ್ಪಲ್ಲ. 1994ರಿಂದ ಸ್ಮಾರ್ಟ್ ರಿಕವರಿ ಅನ್ನುವ ಇನ್ನೊಂದು ಕೂಟವಿದೆ, ಅಲ್ಲಿ ದೇವರ ಮಾತಿಲ್ಲ, ಆನ್‌ಲೈನಿನಲ್ಲೂ ಕೂರಬಹುದು. ಆದರೆ ದೇವರ ನೆಪದಲ್ಲಿ ಎರಡನ್ನೂ ಬಿಟ್ಟರೆ ತಕರಾರು ದೇವರದ್ದಲ್ಲ ಕಣೋ. ‘ಬಿಡುವ ಮನಸ್ಸಿದ್ದವನು ಹೇಗಿದ್ದರೂ ಬಿಡುತ್ತಾನೆ, ಗುಂಪಿಗೆ ಯಾಕೆ ಹೆಸರು’ ಅಂತಲೂ ಕೇಳಿದ್ದೀಯ. ಇದು ಗಟ್ಟಿ ಪ್ರಶ್ನೆ. ಇದಕ್ಕೆ ಉತ್ತರ ಬೇಕಿದ್ದರೆ ಜನರನ್ನು ಚೀಟಿ ಎತ್ತಿದ ಹಾಗೆ ಬೇರೆಬೇರೆ ಚಿಕಿತ್ಸೆಗೆ ಹಂಚಿ ನೋಡಬೇಕು. ಅಂಥ ಪ್ರಯೋಗಗಳೂ ಸೇರಿ 27 ಅಧ್ಯಯನಗಳನ್ನು 2020ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿತು, ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನ. ಆಲ್ಕೊಹಾಲಿಕ್ಸ್ ಅನಾನಿಮಸ್ಸಿನ ದಾರಿಗೆ ಕ್ರಮವಾಗಿ ಹಚ್ಚಿದವರಲ್ಲಿ ವರ್ಷದ ಕೊನೆಗೆ ಪೂರ್ತಿ ಬಿಟ್ಟವರು ನೂರಕ್ಕೆ ಸುಮಾರು 42, ಬೇರೆ ಚಿಕಿತ್ಸೆಗಳಲ್ಲಿ 35. ಪವಾಡವೇನಲ್ಲ, ಅರ್ಧಕ್ಕೂ ಹೆಚ್ಚು ಜನ ಮತ್ತೆ ಕುಡಿದಿದ್ದಾರೆ. ಆದರೂ ದುಡ್ಡು ಕೇಳದ ಒಂದು ಕೋಣೆಗೆ ಇದು ಕಡಿಮೆ ಲೆಕ್ಕವಲ್ಲ.

ಅಮ್ಮ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗು ಅನ್ನುತ್ತಿದ್ದಾಳೆ ಅಂದೆಯಲ್ಲ. ಹೋಗು, ಬೇಡ ಅನ್ನಲ್ಲ. ಆದರೆ ಅವರೂ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಊರೂರಲ್ಲಿ ಕೂರಿಸುವುದು ಯಾಕೆ? ಬಿಡುವುದು ಒಂದು ವಾರದ ಕೆಲಸ, ಬಿಟ್ಟೇ ಇರುವುದಕ್ಕೆ ಮುಂದಿನ ಗುರುವಾರವೂ ಜನ ಬೇಕು. ಮತ್ತೆ, ದಿನಾ ಕುಡಿಯುತ್ತಿದ್ದವನು ಹಠ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ಗುಂಪು ಸಾಲದು, ಮೊದಲು ನಿಮ್ಹಾನ್ಸಿಗೆ ಹೋಗಿ ಡಾಕ್ಟರಿಗೆ ಎಷ್ಟು ಕುಡಿಯುತ್ತೀಯ ಅಂತ ಇದ್ದದ್ದು ಇದ್ದ ಹಾಗೆ ಹೇಳು, ಅರ್ಧ ಮಾಡಿ ಹೇಳಬೇಡ. ಗುರುತಿನವರು ಕಂಡರೆ ಅನ್ನುವ ಭಯ ಬಿಡು, ಅವರೂ ಅದೇ ಕೋಣೆಯಲ್ಲಿ ಕೂತಿರುತ್ತಾರಲ್ಲ. ಅಷ್ಟೂ ಸಂಕೋಚವಾದರೆ ನಮ್ಮ ಏರಿಯಾ ಬಿಟ್ಟು ಮಲ್ಲೇಶ್ವರದ ಕಡೆ ಎಲ್ಲಾದರೂ ಇದೆಯಾ ವಿಚಾರಿಸು, ಮೆಟ್ರೋದಲ್ಲಿ ಹೋಗಿಬರಬಹುದು. ಕನ್ನಡದ್ದು ಸಿಗದೆ ತಮಿಳಿನದ್ದೇ ಸಿಕ್ಕರೂ ಅಡ್ಡಿಯಿಲ್ಲ, ನಿನಗೆ ತಮಿಳು ಅರ್ಥವಾಗುತ್ತಲ್ಲ, ಮಾತಾಡುವಾಗ ಕನ್ನಡದಲ್ಲೇ ಆಡಿದರೆ ಅವರೇನು ಬೇಡ ಅನ್ನಲ್ಲ, ಆದರೆ ಹೋಗುವ ಮೊದಲು ಫೋನ್ ಮಾಡಿ ಇದೊಂದು ಕೇಳಿಕೋ, ಅದು ಓಪನ್ ಮೀಟಿಂಗೋ ಅಥವಾ ಕ್ಲೋಸ್ಡೋ ಅಂತ.